ಹಳೆ ಬ್ಯಾಟರಿ, ಹೊಸ ಬ್ಯಾಟರಿ: ಜೋಡಿಸುವ ಮೊದಲು ತಿಳಿದುಕೊಳ್ಳೋಣ



ಈಗ ನಮ್ಮ ಸಂಘಗಳ ಅನೇಕ ಸದಸ್ಯೆಯರ ಮನೆಯಲ್ಲಿ ಕರೆಂಟನ್ನು ಕೂಡಿಡುವ ಒಂದಲ್ಲ ಒಂದು ಸಾಧನ ಇದೆ. ಒಬ್ಬರಲ್ಲಿ ಸೋಲಾರ್ ದೀಪ, ಇನ್ನೊಬ್ಬರಲ್ಲಿ ಯುಪಿಎಸ್. ಸಂಘದ ಹೊಲಿಗೆ ಕೇಂದ್ರಕ್ಕೂ ಬ್ಯಾಟರಿ ಬೇಕು ಎನ್ನುವಾಗ "ಇರೋದನ್ನೆಲ್ಲ ಒಟ್ಟಿಗೆ ಸೇರಿಸಿದ್ರೆ ಆಗಲ್ವಾ?" ಎಂಬ ಪ್ರಶ್ನೆ ಬರುವುದು ಸಹಜ. ಸೇರಿಸಿ ಬಳಸಬಹುದು. ಆದರೆ ತಂತಿಗೆ ತಂತಿ ಕಟ್ಟಿದರೆ ಸಾಲದು, ಅವು ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಸಾಲ ಮಾಡಿ ತಂದ ಹೊಸ ಬ್ಯಾಟರಿಯೂ ಬೇಗ ಕೂತುಹೋಗುತ್ತದೆ, ಕಟ್ಟಲು ಕಂತು ಮಾತ್ರ ಉಳಿಯುತ್ತದೆ.

ಬ್ಯಾಟರಿಯಲ್ಲಿ ಎಷ್ಟು ಇದೆ?

ಬ್ಯಾಟರಿಯ ಮೇಲೆ "12 ವೋಲ್ಟ್, 150 ಎಎಚ್" ಎಂದು ಬರೆದಿದ್ದರೆ ಎರಡನ್ನೂ ಗುಣಿಸಿ. 1800 ವ್ಯಾಟ್ ಅವರ್, ಅಂದರೆ ಕರೆಂಟು ಬಿಲ್ಲಿನ ಲೆಕ್ಕದಲ್ಲಿ 1.8 ಯೂನಿಟ್. ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ ಹೆಚ್ಚು ವರ್ಷ ಬಾಳಬೇಕಾದರೆ ದಿನಾ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡದಿರುವುದು ಒಳ್ಳೆಯದು. ಹಾಗಾಗಿ ನಮ್ಮ ಬಳಕೆಗೆ ಸಿಗುವುದು ಸುಮಾರು 0.9 ಯೂನಿಟ್. 9 ವ್ಯಾಟಿನ ಮೂರು ಬಲ್ಬು 4 ಗಂಟೆ ಉರಿದರೆ 108 ವ್ಯಾಟ್ ಅವರ್ ಖರ್ಚು. 100 ವ್ಯಾಟಿನ ಹೊಲಿಗೆ ಮೋಟಾರು 4 ಗಂಟೆ ಓಡಿದರೆ 400. ಉಳಿತಾಯ ಪುಸ್ತಕದ ಹಾಗೆ ಇಲ್ಲಿಯೂ ಜಮೆ-ಖರ್ಚು ನೋಡಿಯೇ ನಡೆಯಬೇಕು.

ಯಾಕೆ ಹೊಂದೋದಿಲ್ಲ?

1. ಹಳೆಯದು ಮತ್ತು ಹೊಸದು: ಎರಡು ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸಿ 24 ವೋಲ್ಟ್ ಮಾಡಿದಾಗ ಹಳೆಯದು ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ. ಹೊಸದು ತುಂಬುವ ತನಕ ಚಾರ್ಜರ್ ನಿಲ್ಲುವುದಿಲ್ಲ, ಅಷ್ಟರಲ್ಲಿ ಹಳೆಯದರ ನೀರು ಕುದಿದು ಆರುತ್ತದೆ. ಅಕ್ಕಪಕ್ಕ ಜೋಡಿಸಿದರೂ ಸೋತ ಬ್ಯಾಟರಿ ಹೊಸದರ ಚಾರ್ಜನ್ನು ಎಳೆದುಕೊಳ್ಳುತ್ತದೆ.

2. ಲೆಡ್ ಆಸಿಡ್ ಮತ್ತು ಲಿಥಿಯಂ: ಇವೆರಡರ ಚಾರ್ಜ್ ಆಗುವ ರೀತಿಯೇ ಬೇರೆ. ಲೆಡ್ ಆಸಿಡ್‌ಗಾಗಿ ಮಾಡಿದ ಕೆಲವು ಚಾರ್ಜರ್‌ಗಳು ಆಗಾಗ ಕೊಡುವ ಹೆಚ್ಚಿನ ವೋಲ್ಟೇಜು ಲಿಥಿಯಂಗೆ ಆಗದು. ಯುಪಿಎಸ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯೇ ಎಂದು ಕೇಳದೆ ಬ್ಯಾಟರಿ ಬದಲಿಸಬೇಡಿ. ಎರಡನ್ನೂ ಒಂದೇ ಯುಪಿಎಸ್‌ಗೆ ಕಟ್ಟಲೇಬೇಡಿ.

3. 12 ವೋಲ್ಟ್ ಮತ್ತು 230 ವೋಲ್ಟ್: ಸೋಲಾರ್ ದೀಪದ 12 ವೋಲ್ಟ್ ಬಲ್ಬನ್ನು ಯುಪಿಎಸ್ ಲೈನಿಗೆ ಹಾಕಿದರೆ ಸುಟ್ಟುಹೋಗುತ್ತದೆ.

ಹಾಗಾದರೆ ಒಟ್ಟಿಗೆ ಕೆಲಸ ಮಾಡಿಸೋದು ಹೇಗೆ?

ಮೊದಲನೆಯದು, ಬ್ಯಾಟರಿಗಳನ್ನು ಸೇರಿಸದೆ ಕೆಲಸ ಹಂಚುವುದು. ಕೇಂದ್ರದಲ್ಲಿ ಹಳೆಯ ಬ್ಯಾಟರಿಗೆ ಅದರದೇ ಚಾರ್ಜರಿನ ಜೊತೆ ದೀಪಗಳು ಮಾತ್ರ ಇರಲಿ, ಹೊಸದಕ್ಕೆ ಹೊಲಿಗೆ ಮೋಟಾರು. ಇದಕ್ಕೆ ವೈರಿಂಗ್ ಬೇರೆ ಬೇರೆ ಇರಬೇಕು.

ಎರಡನೆಯದು, ಎಲ್ಲರೂ ಒಂದೇ ಮಾದರಿಯದನ್ನು ತೆಗೆದುಕೊಂಡು ಒಂದೇ ಕಡೆ ಚಾರ್ಜ್ ಮಾಡುವುದು. ಟೆರಿ ಸಂಸ್ಥೆ 2008ರಲ್ಲಿ ಆರಂಭಿಸಿದ ಸೋಲಾರ್ ಲಾಟೀನು ಕಾರ್ಯಕ್ರಮದಲ್ಲಿ ಹಳ್ಳಿಗೊಂದು ಚಾರ್ಜಿಂಗ್ ಕೇಂದ್ರ ಇತ್ತು. ಹಗಲಲ್ಲಿ ಲಾಟೀನುಗಳನ್ನು ಅಲ್ಲಿ ಚಾರ್ಜ್ ಮಾಡಿ, ಸಂಜೆ ಬಾಡಿಗೆಗೆ ಕೊಡುತ್ತಿದ್ದರು. ನಾವೂ ಲಾಟೀನು ಕೊಳ್ಳುವಾಗ ಪ್ಲಗ್ಗು, ವೋಲ್ಟೇಜು ಒಂದೇ ಇರುವಂತೆ ನೋಡಿಕೊಂಡರೆ ಒಬ್ಬರ ಚಾರ್ಜರು ಇನ್ನೊಬ್ಬರಿಗೂ ಆಗುತ್ತದೆ.

ಮೂರನೆಯದು, ದೊಡ್ಡ ಬ್ಯಾಟರಿ ಬೇಕಾದರೆ ಒಂದೇ ಕಂಪನಿಯ, ಒಂದೇ ಅಳತೆಯ, ಒಂದೇ ಸಮಯದಲ್ಲಿ ತಯಾರಾದ ಬ್ಯಾಟರಿಗಳನ್ನು ಒಟ್ಟಿಗೇ ಕೊಳ್ಳುವುದು. ಈ ವರ್ಷ ಒಂದು, ಬರುವ ವರ್ಷ ಒಂದು ಅಂತ ಮಾಡಬೇಡಿ.

ಮಾಡಿನ ಮೇಲಿನ ಸೋಲಾರ್ ಇರುವವರಿಗೆ

2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಆದರೆ "ಪ್ಯಾನೆಲ್ ಹಾಕಿಸಿದ್ರೂ ಕರೆಂಟು ಹೋದಾಗ ಮನೇಲಿ ಕತ್ತಲೆ ಯಾಕೆ?" ಎಂದು ಕೇಳುವವರಿದ್ದಾರೆ. ಇದು ದೋಷವಲ್ಲ. ಲೈನಿಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್, ಲೈನ್ ನಿಂತ ಕೂಡಲೇ ತಾನೂ ನಿಲ್ಲಬೇಕೆಂಬುದು ನಿಯಮ. ಇಲ್ಲವಾದರೆ ನಮ್ಮ ಮನೆಯ ಕರೆಂಟು ಕಂಬಕ್ಕೆ ಹರಿದು, ದುರಸ್ತಿಗೆ ಹತ್ತಿದ ಲೈನ್‌ಮ್ಯಾನಿನ ಜೀವ ತೆಗೆದೀತು. ಬ್ಯಾಟರಿಯೂ ಸೇರಬೇಕಾದರೆ ಹೈಬ್ರಿಡ್ ಇನ್ವರ್ಟರ್ ಬೇಕು. ಅದು ಮೊದಲು ಲೈನಿನಿಂದ ಮನೆಯನ್ನು ಬೇರ್ಪಡಿಸಿ, ಆಮೇಲೆ ಮನೆಗೆ ಕರೆಂಟು ಕೊಡುತ್ತದೆ. ಇದೇ ಕಾರಣಕ್ಕೆ ಯುಪಿಎಸ್ಸಿನಿಂದ ಪಕ್ಕದ ಮನೆಗೆ ವೈರು ಎಳೆಯುವುದು, ಎರಡು ಯುಪಿಎಸ್‌ಗಳ ಔಟ್‌ಪುಟ್ ಕೂಡಿಸುವುದು ಬೇಡವೇ ಬೇಡ. ವೈರಿಂಗ್ ಕೆಲಸ ಲೈಸೆನ್ಸ್ ಇರುವವರಿಂದಲೇ ಆಗಲಿ.

ಸಂಘದ ಪುಸ್ತಕದಲ್ಲಿ ಬರೆದಿಡಿ

ಪ್ರತಿ ಸದಸ್ಯೆಯ ಬ್ಯಾಟರಿಯ ವಿಧ, ವೋಲ್ಟ್, ಎಎಚ್, ಕೊಂಡ ತಿಂಗಳು, ಗ್ಯಾರಂಟಿ ಮುಗಿಯುವ ದಿನ, ಡಿಸ್ಟಿಲ್ಡ್ ವಾಟರ್ ಹಾಕಿದ ದಿನ: ಇಷ್ಟನ್ನು ಒಂದು ಪುಟದಲ್ಲಿ ಬರೆಯಿರಿ. ಬ್ಯಾಟರಿಗಾಗಿ ಸಾಲ ಕೇಳಿದವರಿಗೆ ಈ ಪುಟ ನೋಡಿಯೇ ಮಂಜೂರು ಮಾಡಿ.

ಸಭೆಯಲ್ಲಿ ಚರ್ಚಿಸಲು

* ನಮ್ಮ ಸಂಘದಲ್ಲಿ ಎಷ್ಟು ಮನೆಗಳಲ್ಲಿ ಬ್ಯಾಟರಿ ಇದೆ? ಎಷ್ಟು ವಿಧ?
* ಯಾರಾದರೂ ಹಳೆಯದರ ಜೊತೆ ಹೊಸದನ್ನು ಜೋಡಿಸಿದ್ದಾರೆಯೇ?
* ಮುಂದೆ ಕೊಳ್ಳುವವರೆಲ್ಲ ಒಂದೇ ಮಾದರಿಯದನ್ನು ಒಟ್ಟಾಗಿ ಕೊಂಡರೆ ಬೆಲೆ ಇಳಿಸಿಕೊಳ್ಳಬಹುದೇ?