ಸೂರತ್ ಮತ್ತು ವಡೋದರಾ ಕೂಡಿಸಿದರೆ ಎಷ್ಟು?

ಮುಂಬೈ ಸೆಂಟ್ರಲ್‌ನಿಂದ ಅಹಮದಾಬಾದಿಗೆ ಹೊರಡುವ ರೈಲಿನ ವೇಳಾಪಟ್ಟಿ ನೋಡಿ. ಸೂರತ್ 263 ಕಿಲೋಮೀಟರ್, ವಡೋದರಾ 392, ಅಹಮದಾಬಾದ್ 491. ವಡೋದರಾದಿಂದ ಸೂರತ್ ಕಳೆದರೆ 129, ಅದು ಎರಡು ಊರುಗಳ ನಡುವಿನ ದಾರಿ. ಕೂಡಿಸಿದರೆ 655. ಈ 655 ಏನು? ಏನೂ ಅಲ್ಲ. ಎಣಿಕೆಯನ್ನು ಅಹಮದಾಬಾದಿನಿಂದ ಶುರುಮಾಡಿ: ಸೂರತ್ 228, ವಡೋದರಾ 99, ಮೊತ್ತ 327. ಎಣಿಸುವ ಜಾಗ ಬದಲಾದೊಡನೆ ಮೊತ್ತವೂ ಬದಲಾಯಿತು. ನಡುವಿನ ಅಂತರ ಮಾತ್ರ ಅದೇ 129.

ಊರು ಒಂದು ಬಿಂದು, ದಾರಿ ಒಂದು ಸದಿಶ. ಬಿಂದುವಿನಿಂದ ಬಿಂದು ಕಳೆದರೆ ಸದಿಶ ಬರುತ್ತದೆ, ಬಿಂದುವಿಗೆ ಸದಿಶ ಕೂಡಿಸಿದರೆ ಇನ್ನೊಂದು ಬಿಂದು. ಬಿಂದುವಿಗೆ ಬಿಂದು ಕೂಡಿಸುವುದಕ್ಕೆ ಅರ್ಥವಿಲ್ಲ. ಆದರೆ ಪ್ರೋಗ್ರಾಮಿನಲ್ಲಿ ಎರಡನ್ನೂ ಬರಿಯ ದಶಮಾಂಶ ಸಂಖ್ಯೆಯಾಗಿ ಇಟ್ಟುಕೊಂಡರೆ ಕಂಪೈಲರ್ ತಕರಾರಿಲ್ಲದೆ 655 ಕೊಟ್ಟುಬಿಡುತ್ತದೆ.

ರಸ್ಟ್ ಭಾಷೆಯ ಟ್ರೇಟ್ ನೆರವಿಗೆ ಬರುವುದು ಇಲ್ಲಿ. ಒಂದು ಟೈಪಿಗೆ ಏನೇನು ಮಾಡಲು ಬರುತ್ತದೆ ಎಂಬ ಕರಾರುಪತ್ರವೇ ಟ್ರೇಟ್. ಕೂಡುವುದಕ್ಕೆ ‘ಆ್ಯಡ್’, ಕಳೆಯುವುದಕ್ಕೆ ‘ಸಬ್’ ಎಂಬ ಟ್ರೇಟ್‌ಗಳು ಭಾಷೆಯಲ್ಲೇ ಇವೆ. ಬಿಂದುವಿಗೆ ‘ಸಬ್’ ಬರೆದು, ಉತ್ತರ ಸದಿಶ ಎಂದು ಹೇಳಿ. ಬಿಂದು ಮತ್ತು ಸದಿಶಕ್ಕೆ ‘ಆ್ಯಡ್’ ಬರೆಯಿರಿ. ಬಿಂದು ಮತ್ತು ಬಿಂದುವಿಗೆ ಬರೆಯಲೇಬೇಡಿ. ಯಾರಾದರೂ ಸೂರತ್‌ಗೆ ವಡೋದರಾ ಕೂಡಿಸಹೊರಟರೆ ಪ್ರೋಗ್ರಾಮ್ ಕಂಪೈಲ್ ಆಗುವುದೇ ಇಲ್ಲ. ನನ್ನ ಮಟ್ಟಿಗೆ ಟ್ರೇಟ್‌ನ ದೊಡ್ಡ ಉಪಕಾರ ಈ ನಿರಾಕರಣೆಯೇ.

ಇನ್ನು ಬೀಜಗಣಿತಕ್ಕೆ ಬರೋಣ. ಉದಾಹರಣೆ ನಮ್ಮ ರೈಲು ತಲುಪುವ ಊರಿನಲ್ಲೇ ಇದೆ. ಅಹಮದಾಬಾದಿನ ಲಾಲ್ ದರ್ವಾಜಾ ಬಳಿ 1573ರ ಸೀದಿ ಸೈಯದ್ ಮಸೀದಿಯಿದೆ. ಕವಲೊಡೆದು ಹಬ್ಬಿದ ಮರದ ವಿನ್ಯಾಸದ ಜಾಲಂಧ್ರ ಎಲ್ಲರ ಕ್ಯಾಮೆರಾದಲ್ಲೂ ಸಿಗುತ್ತದೆ. ಚಿಕ್ಕ ಚೌಕಗಳನ್ನು ಜೋಡಿಸಿದ ಕಿಟಕಿಗಳ ಮುಂದೆಯೂ ತುಸು ನಿಲ್ಲಬೇಕು. ಪೂರ್ತಿ ಸಮಮಿತಿಯ ಒಂದು ಚೌಕವನ್ನು ಎಂಟು ರೀತಿಯಲ್ಲಿ ಇಟ್ಟರೂ ಅದು ಹಾಗೆಯೇ ಕಾಣುತ್ತದೆ: ನಾಲ್ಕು ತಿರುವು, ನಾಲ್ಕು ಪ್ರತಿಬಿಂಬ. ಈ ಎಂಟು ಚಲನೆಗಳು ಸೇರಿ ಒಂದು ಗ್ರೂಪ್. ಟ್ರೇಟ್ ಆಗಿ ಬರೆದರೆ ಸುಮಾರು ಹೀಗೆ:

ಟ್ರೇಟ್ ಗ್ರೂಪ್ {
 ಅನನ್ಯತಾಂಶ() → ಸ್ವಯಂ
 ಜೋಡಿಸು(ಸ್ವಯಂ, ಸ್ವಯಂ) → ಸ್ವಯಂ
 ವಿಲೋಮ(ಸ್ವಯಂ) → ಸ್ವಯಂ
}

ಏನೂ ಮಾಡದ ಚಲನೆ ಒಂದು, ಒಂದಾದ ಮೇಲೊಂದು ಮಾಡುವುದು ಎರಡನೆಯದು, ಮಾಡಿದ್ದನ್ನು ಹಿಂತಿರುಗಿಸುವುದು ಮೂರನೆಯದು.

ಕ್ರಮ ಬದಲಿಸಿದರೂ ಉತ್ತರ ಒಂದೇ ಎನ್ನುವ ಪರಿವರ್ತನೀಯ ನಿಯಮವನ್ನು ಇದರೊಳಗೆ ತುರುಕಬಾರದು. ಚೌಕ ಕಾಗದವೊಂದರ ಬಲ ಮೇಲ್ಮೂಲೆ ಚಿವುಟಿ, ಪರೀಕ್ಷಿಸಿ ನೋಡಿ. ಗಡಿಯಾರದ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ, ಆಮೇಲೆ ಎಡಬಲ ಮಗುಚಿದರೆ ಚಿವುಟಿದ ಮೂಲೆ ಎಡ ಕೆಳಗೆ ಬರುತ್ತದೆ. ಮೊದಲು ಮಗುಚಿ ಆಮೇಲೆ ತಿರುಗಿಸಿದರೆ ಮತ್ತೆ ಬಲ ಮೇಲಕ್ಕೇ. ಸಂಖ್ಯೆಗಳ ಸಂಕಲನದಂತೆ ಕ್ರಮ ಲೆಕ್ಕಕ್ಕಿಲ್ಲದ ಗ್ರೂಪ್‌ಗಳಿಗೆ ‘ಅಬೀಲಿಯನ್’ ಎಂಬ ಇನ್ನೊಂದು ಟ್ರೇಟ್ ಇರಲಿ.

ಕರಾರು ಬರೆದ ಮೇಲೆ ಫಲ ಕೈಗೆ ಬರುತ್ತದೆ. ‘ಒಂದು ಚಲನೆಯನ್ನು 1000 ಸಲ ಮಾಡು’ ಎಂಬ ಫಂಕ್ಷನ್ನನ್ನು ಗ್ರೂಪ್ ಟ್ರೇಟ್ ಇರುವ ಎಲ್ಲ ಟೈಪಿಗೂ ಒಮ್ಮೆಗೇ ಬರೆಯಬಹುದು. ಅರ್ಧ ಮಾಡುತ್ತಾ, ಇಮ್ಮಡಿಸುತ್ತಾ ಹೋದರೆ 14 ಜೋಡಣೆಯಲ್ಲಿ ಕೆಲಸ ಮುಗಿಯುತ್ತದೆ. ಛಂದಸ್ಸಿನ ಪಿಂಗಳ ಎರಡರ ಘಾತ ಕಂಡುಹಿಡಿಯಲು ಹೇಳಿದ್ದೂ ಇದೇ ಅರ್ಧಿಸುವ ಉಪಾಯ.

ಎಚ್ಚರ ತಪ್ಪಬಾರದ ಜಾಗ ಒಂದಿದೆ. ಕಂಪೈಲರ್ ಟೈಪ್ ನೋಡುತ್ತದೆ, ನಿಯಮ ನೋಡುವುದಿಲ್ಲ. ‘ಜೋಡಿಸು’ ಸಹವರ್ತನೀಯವೇ, ಅಂದರೆ ಮೂರನ್ನು ಜೋಡಿಸುವಾಗ ಯಾವ ಎರಡು ಪಕ್ಕದವನ್ನು ಮೊದಲು ಜೋಡಿಸಿದರೂ ಉತ್ತರ ಒಂದೇ ಬರುತ್ತದೆಯೇ, ಎಂಬುದು ಅದಕ್ಕೆ ಗೊತ್ತಿಲ್ಲ. ದಶಮಾಂಶದ ಸಂಕಲನವೇ ಸಹವರ್ತನೀಯವಲ್ಲ! ಕಂಪ್ಯೂಟರಿನಲ್ಲಿ 0.1 ಮತ್ತು 0.2 ಮೊದಲು ಕೂಡಿಸಿ 0.3 ಸೇರಿಸಿದರೆ 0.6000000000000001 ಬರುತ್ತದೆ, 0.2 ಮತ್ತು 0.3 ಮೊದಲು ಕೂಡಿಸಿದರೆ 0.6. ಹಾಗಾಗಿ ನಿಯಮಗಳ ಪರೀಕ್ಷೆಯನ್ನು ನಾವೇ ಬರೆಯಬೇಕು. ಚೌಕದ ಜಾಲಂಧ್ರಕ್ಕೆ ಇದು ಸಲೀಸು: ಎಂಟು ಚಲನೆ, 8×8×8 ಅಂದರೆ 512 ತ್ರಿವಳಿ, ಒಂದೂ ಬಿಡದೆ ನೋಡಬಹುದು. ನಾಳೆ ಷಟ್ಕೋನದ ಜಾಲಂಧ್ರ ಬಂದರೆ 12 ಚಲನೆ, 1728 ತ್ರಿವಳಿ. ಆಗ ಷಟ್ಕೋನದ ಹನ್ನೆರಡು ಚಲನೆಗಳನ್ನೂ ಅದರ ಮೂರು ಫಂಕ್ಷನ್ನುಗಳನ್ನೂ ಬರೆದರೆ ಸಾಕು. ಪರೀಕ್ಷೆ ಹಳೆಯದೇ ನಡೆಯುತ್ತದೆ.