ಎದೆಹಾಲು ಮತ್ತು ಎಡಿಎಚ್‌ಡಿ ಮಾತ್ರೆ: ಒಂದು ಲೆಕ್ಕ

ತೆರಿಗೆಯ ಬಗ್ಗೆ ಮಾತಾಡುತ್ತೇನೆಂದು ಬಂದವರು ಕ್ಷಮಿಸಬೇಕು. ನಾನು ವೈದ್ಯೆಯಲ್ಲ, ಚಾರ್ಟರ್ಡ್ ಅಕೌಂಟೆಂಟ್. ಆದರೂ ಈ ಲೆಕ್ಕವನ್ನು ಹೇಳಲೇಬೇಕು.

ನನಗೆ ಎಡಿಎಚ್‌ಡಿ ಇದೆಯೆಂದು ಗೊತ್ತಾದದ್ದು 38ಕ್ಕೆ, ಅಮೆರಿಕಕ್ಕೆ ಬಂದ ಮೇಲೆ. ಮಗಳು ಹುಟ್ಟಿದ್ದು 41ಕ್ಕೆ. ಬಸಿರಾದಾಗ ಬಿಟ್ಟ ಮಾತ್ರೆಯನ್ನು ಹೆರಿಗೆಯ ನಂತರವೂ ಮುಟ್ಟಲಿಲ್ಲ. ಬಾಣಂತನಕ್ಕೆ ಬಂದಿದ್ದ ಅಮ್ಮ, "ನೀನು ತಿಂದದ್ದೆಲ್ಲ ಕೂಸಿಗೆ ಹೋಗುತ್ತೆ ಕಣೇ" ಎಂದು ಬದನೆಕಾಯಿಯನ್ನೇ ದೂರವಿಟ್ಟಿದ್ದರು, ಇನ್ನು ಮಾತ್ರೆ! ಎರಡು ತಿಂಗಳಾದಾಗ ಒಂದು ದಿನ, ಮಗುವಿಗೆ ಕಾರ್ ಸೀಟಿನ ಬೆಲ್ಟ್ ಹಾಕದೆಯೇ ಮೂರು ಮೈಲಿ ಗಾಡಿ ಓಡಿಸಿದ್ದೆ. ಅಂದು ಸಂಜೆಯೇ ಡಾಕ್ಟರಿಗೆ ಫೋನ್ ಮಾಡಿದೆ.

ಅಮ್ಮನ ಮಾತು ಸುಳ್ಳಲ್ಲ. ಔಷಧ ಹಾಲಿಗೆ ಇಳಿಯುತ್ತದೆ. ಎಷ್ಟು ಎಂಬುದೇ ಪ್ರಶ್ನೆ. ತಾಯಿ ತನ್ನ ತೂಕದ ಪ್ರತಿ ಕೆಜಿಗೆ ತೆಗೆದುಕೊಳ್ಳುವ ಔಷಧದಲ್ಲಿ, ಮಗುವಿಗೆ ಅದರ ತೂಕದ ಪ್ರತಿ ಕೆಜಿಗೆ ಸಿಗುವುದು ಶೇಕಡಾ ಎಷ್ಟು ಎಂದು ನೋಡುತ್ತಾರೆ. 60 ಕೆಜಿಯ ತಾಯಿ 30 ಮಿಲಿಗ್ರಾಂ ನುಂಗಿದರೆ ಕೆಜಿಗೆ 500 ಮೈಕ್ರೋಗ್ರಾಂ. ಮಗುವಿಗೆ ಕೆಜಿಗೆ 5 ಮೈಕ್ರೋಗ್ರಾಂ ಹೋದರೆ ಅದು ಶೇ. 1. ಸಾಮಾನ್ಯವಾಗಿ ಶೇ. 10ಕ್ಕಿಂತ ಕಡಿಮೆಯಿದ್ದರೆ ಒಪ್ಪಬಹುದೆನ್ನುತ್ತಾರೆ.

ರಿಟಾಲಿನ್, ಕಾನ್ಸರ್ಟಾಗಳಲ್ಲಿರುವ ಮೀಥೈಲ್‌ಫೆನಿಡೇಟ್ ಅಳೆದಲ್ಲೆಲ್ಲ ಶೇ. 1ಕ್ಕಿಂತ ಕಡಿಮೆ. ಡೆಕ್ಸ್‌ಆಂಫೆಟಮಿನ್ ಸೇವಿಸಿದ ನಾಲ್ವರು ತಾಯಂದಿರ ಅಧ್ಯಯನದಲ್ಲಿ ಶೇ. 6ರ ಆಸುಪಾಸು ಬಂತು. ಆ ಮಕ್ಕಳಿಗೆ ತೊಂದರೆ ಕಾಣಲಿಲ್ಲ. ಆದರೆ ನಾಲ್ಕು ವೋಚರ್ ನೋಡಿ ಯಾವ ಆಡಿಟರ್ ಸಹಿ ಹಾಕುತ್ತಾನೆ? ಇಲ್ಲಿನ ಆಂಫೆಟಮಿನ್ ಲೇಬಲ್‌ಗಳಂತೂ ಹಾಲುಣಿಸಬೇಡಿ ಎಂದೇ ಹೇಳುತ್ತವೆ. ಹೆಚ್ಚಿನ ಪ್ರಮಾಣದಲ್ಲಿ ಅದು ಹಾಲನ್ನೇ ಕಡಿಮೆ ಮಾಡಬಹುದು. ಮಕ್ಕಳು ದೊಡ್ಡವರಾದ ಮೇಲೆ ಏನಾಗುತ್ತದೆಂಬ ಅಧ್ಯಯನ ಎರಡರಲ್ಲೂ ತೀರಾ ಕಡಿಮೆ.

ನಾನು ಮೊದಲು ತೆಗೆದುಕೊಳ್ಳುತ್ತಿದ್ದದ್ದು ಆಡರಾಲ್. ಡಾಕ್ಟರ್ ಮೀಥೈಲ್‌ಫೆನಿಡೇಟ್‌ಗೆ ಬದಲಿಸಿದರು, ಸಾಕಾಗುವಷ್ಟು ಕಡಿಮೆ ಪ್ರಮಾಣದಲ್ಲಿ. ಬೆಳಿಗ್ಗೆ ಹಾಲು ಕುಡಿಸಿ ಆಮೇಲೆ ಮಾತ್ರೆ. ಮಗುವಿನ ನಿದ್ದೆ ಕೆಟ್ಟರೆ, ಕಿರಿಕಿರಿ ಹೆಚ್ಚಿದರೆ, ಹಾಲು ಬೇಡವೆಂದರೆ, ತೂಕ ಏರದಿದ್ದರೆ ಕೂಡಲೇ ತಿಳಿಸಬೇಕು ಎಂದರು. ದಿನ ತುಂಬದೆ ಹುಟ್ಟಿದ ಮಗುವಾದರೆ ಲೆಕ್ಕವೇ ಬೇರೆ; ಅದನ್ನು ಮಕ್ಕಳ ಡಾಕ್ಟರೇ ಹೇಳಬೇಕು. ನೀವೇ ಓದಬೇಕೆಂದರೆ ಲ್ಯಾಕ್ಟ್‌ಮೆಡ್ ಎಂಬ ಉಚಿತ ಡೇಟಾಬೇಸ್ ಇದೆ.

ವಾರಕ್ಕೊಮ್ಮೆ ಮಗಳ ತೂಕವನ್ನು ಎಕ್ಸೆಲ್‌ನಲ್ಲಿ ಬರೆದಿಟ್ಟೆ. ಮೂರನೇ ವಾರದಿಂದ ತೂಕ ನೋಡಿ ಅಂಕಿ ಹೇಳುವ ಕೆಲಸ ಅಮ್ಮನದೇ ಆಯಿತು. ಬದನೆಕಾಯಿ ಮಾತ್ರ ಅವರು ಊರಿಗೆ ಹೊರಡುವವರೆಗೂ ಅಡುಗೆಮನೆಗೆ ಬರಲಿಲ್ಲ.