ದುಡ್ಡು ಕೊಟ್ರೆ ಕುಡೀತಾರಲ್ಲ?

ಮೆಜೆಸ್ಟಿಕ್ ಫುಟ್‌ಪಾತ್ ಮೇಲೆ ಮಲಗೋ ಒಬ್ರು ಬೆಳಿಗ್ಗೆ ಕೈ ಚಾಚಿದ್ರು. ರಾತ್ರಿಯ ಕುಡಿತದ ವಾಸನೆ ಇನ್ನೂ ಇತ್ತು, ಕೈ ನಡುಗ್ತಿತ್ತು. 'ದುಡ್ಡು ಕೊಟ್ರೆ ಕುಡೀತಾರೆ' ಅಂತ ಟೀ, ಬನ್ನು ಕೊಡಿಸಿ ಬಂದೆ. ಒಳ್ಳೇ ಕೆಲಸ ಮಾಡ್ದೆ ಅಂತ ಸ್ವಲ್ಪ ಜಂಬಾನೂ ಇತ್ತು ಅನ್ನಿ.

ಆ ನಡುಕದ ಅರ್ಥ ಆಮೇಲೆ ತಿಳೀತು. ವರ್ಷಗಟ್ಟಲೆ ವಿಪರೀತ ಕುಡಿದ ದೇಹಕ್ಕೆ ಮದ್ಯ ಥಟ್ಟನೆ ನಿಂತರೆ ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವವೇ ಹೋಗಬಹುದು. ಅದಕ್ಕೇ ಬಿಡಿಸೋದು ವೈದ್ಯರ ನಿಗಾದಲ್ಲೇ ಆಗ್ಬೇಕು. ನಾನು ಹತ್ತು ರೂಪಾಯಿ ತಡೆದ ಮಾತ್ರಕ್ಕೆ ಯಾರೂ ಕುಡಿತ ಬಿಡಲ್ಲ; ಕೊಟ್ಟರೂ ವಾಸಿಯಾಗಲ್ಲ, ನಿಜ.

ಈಗ ಕೊಡ್ತೀನಿ, ಲೆಕ್ಕ ಕೇಳಲ್ಲ. ಜೊತೆಗೆ ವ್ಯಸನಮುಕ್ತಿ ಸಹಾಯವಾಣಿ 14446 ಬಗ್ಗೆ ಹೇಳ್ತೀನಿ, ಬೇಕಂದ್ರೆ ನನ್ನ ಫೋನಿಂದ್ಲೇ ಮಾಡ್ಕೊಡ್ತೀನಿ. ಮೊದಲ ಸಲ ಅವರು ಬೇಡ ಅಂದ್ರು. ಎರಡನೇ ಸಲ ನಂಬರ್ ಬರೆಸ್ಕೊಂಡ್ರು.